ಭೀಮರಾಜನ ಸಾಕ್ಷಿ

ತೋಟಗಳಿಗೆ ಕಿವಿ ಕಟ್ಟಿದ ಮೇಲೆ ಹಾಲುಗಂಡಿಯ ಜನ ಮೆಲ್ಲಗೆ ಮಾತಾಡುವುದನ್ನು ಕಲಿತರು. ಸಾಲಿನಿಂದ ಸಾಲಿಗೆ ಕೂಗಿ ಜಗಳವಾಡುತ್ತಿದ್ದ ಕಾಫಿ ಕುಯ್ಯುವ ಹೆಂಗಸರು ಈಗ ಹತ್ತಿರ ಹೋಗಿ ಬೈದು ಬರುತ್ತಿದ್ದರು. ಬೆಕ್ಕು ಸಾಕಿದ್ದವರು ಅದನ್ನು ಪೇಟೆಯ ನೆಂಟರ ಮನೆಗೆ ದಾಟಿಸಿದರು. ಮೊಬೈಲಿನಲ್ಲಿ ಮಂಗಟ್ಟೆ ಹಕ್ಕಿಯ ಕೂಗು ಹಾಕಿ ಪೊದೆಯಲ್ಲಿ ಬಚ್ಚಿಟ್ಟು ಸಿಕ್ಕಿಬಿದ್ದ ಸಾಹುಕಾರರೊಬ್ಬರಿಗೆ ಊರಲ್ಲಿ ‘ಮಂಗಟ್ಟೆ ಗೌಡ್ರು’ ಎಂಬ ಹೆಸರೇ ಉಳಿಯಿತು.

ಕಿವಿಯೆಂದರೆ ಅಂಗೈಯಗಲದ ಒಂದು ಪೆಟ್ಟಿಗೆ. ಪ್ರತಿ ತೋಟದ ನಡುವೆ ಒಂದು ಮರಕ್ಕೆ ಅದನ್ನು ಬಿಗಿದಿದ್ದರು. ಹಗಲೂ ಇರುಳೂ ಅದು ಹಕ್ಕಿ, ಕಪ್ಪೆ, ಜೀರುಂಡೆಗಳ ದನಿ ಕೇಳಿ ಗುಡ್ಡದ ಮೇಲಿನ ಸಂಶೋಧನಾ ಕೇಂದ್ರಕ್ಕೆ ಕಳಿಸುತ್ತಿತ್ತು. ಮನುಷ್ಯರ ಮಾತು ಬಿದ್ದರೆ ಅಲ್ಲೇ ಅಳಿಸಿಹಾಕುತ್ತಿತ್ತು; ಇಲ್ಲವಾದರೆ ಯಾರೂ ಅದನ್ನು ಕಟ್ಟಿಸಿಕೊಳ್ಳುತ್ತಿರಲಿಲ್ಲ. ಕೇಂದ್ರದ ಯಂತ್ರ ದನಿಗಳನ್ನು ಬಿಡಿಸಿ, ಇದು ಇಂಥ ಜೀವ ಎಂದು ಗುರುತಿಸಿ, ತೋಟಕ್ಕೆ ನೂರರಲ್ಲಿ ಇಷ್ಟು ಎಂದು ಅಂಕ ಕೊಡುತ್ತಿತ್ತು. ಅರವತ್ತು ದಾಟಿದ ತೋಟದ ಕಾಫಿ ಮೂಟೆಗೆ ಹಸಿರು ಮುದ್ರೆ. ಕಾಡು ಕಡಿದು ಬೆಳೆದ ಕಾಫಿ ಬೇಡವೇ ಬೇಡ ಎಂದು ಹೊರದೇಶದವರು ಹಟ ಹಿಡಿದ ಕಾಲ ಅದು. ಮುದ್ರೆಯಿಲ್ಲದ ಮೂಟೆಯನ್ನು ಹಡಗಿಗೆ ಹತ್ತಿಸುತ್ತಿರಲಿಲ್ಲ.

ಆ ಯಂತ್ರಕ್ಕೆ ಹಕ್ಕಿಗಳ ದನಿ ಕಲಿಸಿದವಳು ಯಶಸ್ವಿನಿ. ಅವಳ ತೋಟಕ್ಕೇ ಮುದ್ರೆ ಇರಲಿಲ್ಲ.

ಅವಳ ತೋಟದ ಅಂಕ ಐವತ್ತೇಳು. ಬೇಲಿಯಾಚೆ, ಓರಗಿತ್ತಿ ನಳಿನಿಯ ತೋಟದ್ದು ಎಂಬತ್ತೊಂದು. ಅಣ್ಣತಮ್ಮಂದಿರು ಪಾಲಾದಾಗ ಕೆಳಗಿನ ಹಳೇ ಮರಗಳ ತೋಟ ಅಣ್ಣನಿಗೆ ಬಂತು. ಮೇಲಿನ ಬೋಳು ಇಳಿಜಾರು ತಮ್ಮನಿಗೆ, ಅಂದರೆ ಯಶಸ್ವಿನಿಯ ಗಂಡ ಹೇಮಂತನಿಗೆ. ಆ ಬೋಳು ಗುಡ್ಡಕ್ಕೆ ಯಶಸ್ವಿನಿ ಅತ್ತಿ, ಬಸರಿ, ನೇರಳೆ ಸಸಿಗಳನ್ನು ಮಗುವಿಗೆ ಅನ್ನ ತಿನ್ನಿಸಿದ ಹಾಗೆ ಕೂತು ಸಾಕಿದ್ದಳು. ಹಕ್ಕಿಗಳಿಗೆ ನೀರಿನ ತೊಟ್ಟಿ ಕಟ್ಟಿಸಿದ್ದಳು. ಪೊಟರೆ ಇಲ್ಲದ ಎಳೆ ಮರಗಳಿಗೆ ಗೂಡುಪೆಟ್ಟಿಗೆ ತೂಗುಹಾಕಿ, ಅಲ್ಲಿ ಹುಟ್ಟಿದ ಮರಿಗಳ ಕಾಲಿಗೆ ಹಳದಿ ಉಂಗುರ ತೊಡಿಸಿದ್ದಳು. ವಿಷದ ಡಬ್ಬಿ ತೋಟದೊಳಗೆ ಕಾಲಿಡಲು ಬಿಟ್ಟಿರಲಿಲ್ಲ.

ನಳಿನಿ ಏನು ಮಾಡಿದ್ದಳು? ಏನೂ ಮಾಡಿರಲಿಲ್ಲ. ಅವಳಿಗೆ ಗುಬ್ಬಿಗೂ ಪಿಕಳಾರಕ್ಕೂ ವ್ಯತ್ಯಾಸ ತಿಳಿಯದು. ಒಣಗಿ ನಿಂತ ಮತ್ತಿ ಮರವನ್ನು ಕಡಿಯಲು ಆಳು ಸಿಗದೆ ಹಾಗೇ ಬಿಟ್ಟಿದ್ದಳು, ಅಷ್ಟೆ. ಆದರೆ ಮುದ್ರೆ ಸಿಕ್ಕ ಮೊದಲ ವರ್ಷವೇ ಟೀವಿಯವರು ಬಂದರು. ಅಂದು ಯಶಸ್ವಿನಿ ಅಡುಗೆಮನೆಯಲ್ಲಿ ಅವರೆಕಾಳು ಹಿದುಕುತ್ತ ಕೂತಿದ್ದಳು.

“ಅಮ್ಮ, ಬೇಗ ಬಾ! ದೊಡ್ಡಮ್ಮ ಟೀವೀಲಿ!” ಆರು ವರ್ಷದ ಮಗಳು ಋತು ಕುಣಿಯುತ್ತ ಬಂದಳು.

ಪರದೆಯ ಮೇಲೆ ನಳಿನಿ ರೇಷ್ಮೆ ಸೀರೆ ಉಟ್ಟು ಕಾಫಿ ಗಿಡಗಳ ನಡುವೆ ನಿಂತಿದ್ದಳು. “ಹಕ್ಕಿಗೆ ಬೇಕಾಗಿರೋದು ಪ್ರೀತಿ ಕಣ್ರೀ, ಪ್ಲಾನ್ ಅಲ್ಲ,” ಎನ್ನುತ್ತಿದ್ದಳು. “ನಾನು ಅವುಕ್ಕೆ ಅಮ್ಮ ಇದ್ದಂಗೆ. ನನ್ನ ಕಂಡ್ರೆ ಹಾಡ್ತವೆ.”

“ಹಾಡ್ತವೆ,” ಎಂದಳು ಯಶಸ್ವಿನಿ. ಬೆರಳ ನಡುವಿನ ಕಾಳು ಚಿಮ್ಮಿ ಗೋಡೆಗೆ ಬಡಿಯಿತು.

ರಾತ್ರಿ ಊಟಕ್ಕೆ ಕೂತಾಗ ಋತು ಅಕ್ಕಿರೊಟ್ಟಿಯ ಅಂಚು ಮುರಿದು ನೋಡಿದಳು. “ದೊಡ್ಡಮ್ಮ ಮಾಡಿದ್ದು ಇನ್ನೂ ತೆಳ್ಳಗಿರತ್ತೆ ಅಮ್ಮ. ನೀನೂ ಹಂಗೆ ಮಾಡು.”

“ಅಲ್ಲೇ ಹೋಗಿ ತಿನ್ನು ಹಾಗಾದ್ರೆ.”

“ಆಯ್ತು,” ಎಂದು ಮಗು ತಟ್ಟೆ ಹಿಡಿದು ಎದ್ದೇಬಿಟ್ಟಿತು. ಹೇಮಂತ ನಗೆ ತಡೆಯಲು ನೀರು ಕುಡಿದ. ಯಶಸ್ವಿನಿ ಅವನ ನಗೆಯನ್ನೂ ನಳಿನಿಯ ಲೆಕ್ಕಕ್ಕೇ ಬರೆದುಕೊಂಡಳು.

*

ಕೇಂದ್ರದಲ್ಲಿ ಯಾರೂ ದನಿಗಳನ್ನು ಕಿವಿಯಿಂದ ಕೇಳುತ್ತಿರಲಿಲ್ಲ. ಕೇಳುವುದು ಯಂತ್ರದ ಕೆಲಸ. ವಿಜ್ಞಾನಿಗಳದು ಅಂಕ ನೋಡುವ ಕೆಲಸ. ಆದರೆ ಯಶಸ್ವಿನಿ ಮರುವರ್ಷದ ಚಳಿಗಾಲ ಮಧ್ಯಾಹ್ನದ ಬುತ್ತಿ ಬಿಚ್ಚುವಾಗಲೆಲ್ಲ ಹೆಡ್‌ಫೋನ್ ಹಾಕಿಕೊಂಡು ನಳಿನಿಯ ತೋಟವನ್ನೇ ಕೇಳತೊಡಗಿದಳು. ಏನೋ ಮೋಸವಿರಬೇಕು. ಇನ್ನೊಬ್ಬ ಮಂಗಟ್ಟೆ ಗೌಡ್ರೇ ಯಾಕಿರಬಾರದು? ಮೊಬೈಲ್ ಸಿಕ್ಕರೆ ಸಾಕು ಎಂದು ಅವಳ ಜೀವ ತುಡಿಯುತ್ತಿತ್ತು. ಅಷ್ಟು ತಾಳ್ಮೆಯಿಂದ ಆ ತೋಟಕ್ಕೆ ಕಿವಿಗೊಟ್ಟವರು ಬೇರೆ ಯಾರೂ ಇರಲಿಲ್ಲ. ನಳಿನಿಯಂತೂ ಅಲ್ಲವೇ ಅಲ್ಲ.

ಮೊಬೈಲ್ ಸಿಗಲಿಲ್ಲ. ಸಿಕ್ಕಿದ್ದು ಬೇರೆ. ಕುಟುರ ಹಕ್ಕಿ ಕೂಗಿತು. ಅದು ಮುಗಿದ ಮೇಲೆ ಹಾವುಗಿಡುಗ. ಅದು ಮುಗಿದ ಮೇಲೆ ಹರಟೆಮಲ್ಲಗಳ ಗದ್ದಲ. ಅದಾದ ಮೇಲೆ ಒಂದು ಬೆಕ್ಕು. ಆಮೇಲೆ ಮತ್ತೆ ಕುಟುರ. ಅವಳು ಚಪಾತಿಯ ತುಂಡನ್ನು ಬಾಯಿಗಿಡದೆ ಕೂತಳು. ಕಾಡಿನಲ್ಲಿ ಹಕ್ಕಿಗಳು ಹೀಗೆ ಪಾಳಿ ಹಚ್ಚಿ ಕೂಗುವುದಿಲ್ಲ. ಒಂದರ ಮೇಲೊಂದು ಬಿದ್ದು ಕೂಗುತ್ತವೆ. ಇಲ್ಲಿ ಎಲ್ಲ ದನಿಗಳೂ ಒಂದೇ ದಿಕ್ಕಿನಿಂದ, ಒಂದೇ ಎತ್ತರದಿಂದ ಬರುತ್ತಿದ್ದವು. ಗಿಡುಗ, ಹರಟೆಮಲ್ಲ, ಬೆಕ್ಕು, ಮೂರೂ ಒಂದೇ ಕೊಂಬೆಯ ಮೇಲೆ!

“ಭೀಮರಾಜ,” ಎಂದಳು ಗಟ್ಟಿಯಾಗಿ.

ಕಾಜಾಣದ ಜಾತಿಯ ಕಪ್ಪು ಹಕ್ಕಿ ಅದು. ಬಾಲದಿಂದ ಎರಡು ಉದ್ದ ಎಳೆ ಇಳಿಬಿದ್ದು ತುದಿಯಲ್ಲಿ ಪುಟ್ಟ ಬಾವುಟದಂಥ ಗರಿ. ಕೇಳಿದ ದನಿಯನ್ನೆಲ್ಲ ಅಣಕಿಸುವುದು ಅದರ ಹುಟ್ಟುಗುಣ. ಯಂತ್ರಕ್ಕೆ ಪಾಠ ಹೇಳುವಾಗ ಕೇಂದ್ರದವರ ನಿಯಮ ಒಂದಿತ್ತು: ಒಂದು ಧ್ವನಿಮುದ್ರಿಕೆಗೆ ಒಂದೇ ಹಕ್ಕಿ, ಶುದ್ಧವಾದ ದನಿ. ಭೀಮರಾಜನ ದನಿಯಲ್ಲಿ ಎಲ್ಲರ ದನಿಯೂ ಕಲಸಿಕೊಂಡಿದ್ದರಿಂದ ಅದನ್ನು ‘ಗಲೀಜು’ ಎಂದು ಬದಿಗಿಟ್ಟಿದ್ದರು. ಹಾಗೆ ಬದಿಗಿಟ್ಟವರಲ್ಲಿ ಅವಳೂ ಒಬ್ಬಳು. ಅಣಕಿಸುವವನೊಬ್ಬನಿದ್ದಾನೆ ಎಂಬುದನ್ನೇ ಕಲಿಯದ ಯಂತ್ರ, ಒಂದು ಹಕ್ಕಿಯನ್ನು ನಲವತ್ತು ಹಕ್ಕಿ ಎಂದು ಎಣಿಸುತ್ತ ಬಂದಿತ್ತು.

ಅವಳು ಯಂತ್ರಕ್ಕೆ ಹೊಸ ಪಾಠ ಬರೆದಳು. ಒಂದೇ ಕಡೆಯಿಂದ, ಒಂದರ ಮೇಲೊಂದು ಬೀಳದೆ ಬರುವ ಬೇರೆ ಬೇರೆ ಕೂಗುಗಳನ್ನು ಒಂದೇ ಹಕ್ಕಿಯೆಂದು ತಿಳಿ. ನಳಿನಿಯ ತೋಟವನ್ನು ಮತ್ತೆ ಕೇಳಿಸಿದಳು. ಎಂಬತ್ತೊಂದು ಕರಗಿ ಕರಗಿ ನಲವತ್ತಾರಕ್ಕೆ ನಿಂತಿತು. ತನ್ನ ತೋಟವನ್ನು ಕೇಳಿಸಿದಳು. ಐವತ್ತೇಳು ಕದಲಲಿಲ್ಲ.

ಅಂದು ಮನೆಗೆ ಹೋಗುವ ದಾರಿಯಲ್ಲಿ ಅವಳು ಮಗಳಿಗೆ ಜಿಲೇಬಿ ಕೊಂಡಳು. ಬಟ್ಟೆ ಒಗೆಯುತ್ತ ಹಾಡಿದಳು. ಅಕ್ಕಿರೊಟ್ಟಿ ಕೂಡ ಅಂದು ತೆಳ್ಳಗೆ ಎದ್ದಿತು. ಇಷ್ಟು ಸಂತೋಷ ತನಗೆ ಹಿಂದೆ ಬಂದದ್ದು ಯಾವಾಗ ಎಂದು ನೆನಪು ಮಾಡಿಕೊಳ್ಳಲು ಹೋಗಿ, ನೆನಪಾಗದೆ, ತುಸು ಹೆದರಿದಳು.

“ಒಂದು ಮಾತು ಗೊತ್ತಾ?” ಎಂದ ಹೇಮಂತ, ಪಾತ್ರೆ ಒರೆಸುತ್ತ. “ಅಣ್ಣ ಟಿಂಬರ್‌ನವರ ಹತ್ರ ಮಾತಾಡಿ ಇಟ್ಟಿದಾನೆ. ಮುದ್ರೆ ಇರೋ ತನಕ ಮರ. ಮುದ್ರೆ ಹೋದ್ರೆ ಮಾರನೇ ದಿನ ಗರಗಸ ಅಂತಾನೆ. ಎಲ್ಲ ತೆಗೆದು ನೆರಳೇ ಬೇಡದ ಬಿಸಿಲು ಕಾಫಿ ಹಾಕ್ತಾನಂತೆ.”

“ನಂಗ್ಯಾಕೆ ಹೇಳ್ತೀರ ಅದನ್ನ?”

“ಸುಮ್ನೆ. ಸಂಜೆಯಿಂದ ತುಂಬ ಹಾಡ್ತಿದೀಯ, ಅದಕ್ಕೆ.”

*

ನಿರ್ದೇಶಕ ಪೂಣಚ್ಚನವರು ಅವಳು ಕೊಟ್ಟ ವಿವರವನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಇದು ನಿಜ ಆಗಿದ್ರೆ ತಪ್ಪು ನಮ್ದು. ಊರಿಗೆಲ್ಲ ಹೇಳ್ಬೇಕಾಗ್ತದೆ. ಶುಕ್ರವಾರ ಮುದ್ರೆ ಪಟ್ಟಿ ಹೊರಡ್ತದೆ, ಅದಕ್ಕೆ ಮುಂಚೆ.”

“ನಿಜಾನೇ ಸಾರ್.”

“ಕೇಳಿದ್ದೀರಿ. ಕಂಡಿದ್ದೀರಾ?”

“ಕಾಣೋದೇನಿದೆ ಸಾರ್? ದನಿಯಲ್ಲೇ…”

“ದನಿ ನಂಬಿಯೇ ನಾವು ಕೆಟ್ಟಿದ್ದಲ್ಲವಾ?” ಎಂದರು. “ಕ್ಯಾಮೆರಾ ತಕ್ಕೊಂಡು ಹೋಗಿ. ಅಲ್ಲಿ ಆ ಹಕ್ಕಿ ಬಿಟ್ಟು ಬೇರೆ ಏನೂ ಇಲ್ಲ ಅಂತ ತೋರ್ಸಿ. ಓರಗಿತ್ತಿಯ ತೋಟ ಅಂತ ಗೊತ್ತು. ಬೇರೆಯವರನ್ನ ಕಳಿಸ್ಬೇಕಿತ್ತು, ಆದ್ರೆ ಹಕ್ಕಿ ಗುರುತು ಇರೋದು ನಿಮಗೆ. ಚಿತ್ರ ನಾನೇ ನೋಡ್ತೇನೆ.”

ಮಾರನೆಯ ಬೆಳಗ್ಗೆ ಕ್ಯಾಮೆರಾ ಹೊತ್ತು ಹೋದರೆ ನಳಿನಿ ಗೇಟಿನಲ್ಲೇ ಕಾಯುತ್ತಿದ್ದಳು. ಕೈಯಲ್ಲಿ ಕಡುಬು, ಚಟ್ನಿಯ ಡಬ್ಬಿ.

“ಬಾರೇ ಯಶು. ಕೊನೆಗೂ ನನ್ನ ಮಕ್ಕಳನ್ನ ನೋಡಕ್ಕೆ ಬಂದೆ. ಎಂಥ ಮಾರಾಯ್ತಿ, ಮುಖ ಯಾಕೆ ಹಂಗಿದೆ? ತಿಂಡಿ ಆಗಿಲ್ವಾ?”

“ಸ್ವಲ್ಪ ಮೆಲ್ಲಗೆ ಮಾತಾಡಕ್ಕ.”

“ಇದೇ ನನ್ನ ಮೆಲ್ಲಗೆ,” ಎಂದಳು ನಳಿನಿ.

ಒಣ ಮತ್ತಿಮರ ಕಾಣುವ ಹಾಗೆ ಒಂದು ಹಲಸಿನ ಬುಡದಲ್ಲಿ ಇಬ್ಬರೂ ಕೂತರು. ಭೀಮರಾಜ ಆಗಲೇ ಅಲ್ಲಿತ್ತು. ಬೋಳು ಕೊಂಬೆಯ ತುದಿಯಲ್ಲಿ ಕೂತು, ಬಾಲದ ಎರಡು ಬಾವುಟ ಆಡಿಸುತ್ತ, ಕುಟುರನಾಗಿ ಕೂಗಿತು. ಗಿಡುಗನಾಗಿ ಕೂಗಿತು. ಯಶಸ್ವಿನಿ ಕ್ಯಾಮೆರಾ ಒತ್ತುತ್ತಲೇ ಇದ್ದಳು. ಸಾಕ್ಷಿ ಕೈಗೆ ಬಂತು ಎಂದು ಅವಳ ಎದೆ ತುಂಬಿ ಬರುತ್ತಿದ್ದಾಗ, ಹಕ್ಕಿ ಹರಟೆಮಲ್ಲಗಳ ಗದ್ದಲ ಮಾಡಿತು. ಮೇಲಿನ ಬೇಲಿಯ ಕಡೆಯಿಂದ ನಿಜವಾದ ಹರಟೆಮಲ್ಲಗಳು ಉತ್ತರ ಕೊಟ್ಟವು.

ಮೊದಲು ಅವು ಬಂದವು, ಒಂದರ ಹಿಂದೊಂದು ಜಿಗಿಯುತ್ತ. ಹಿಂದೆಯೇ ಚಿತ್ರಪಕ್ಷಿಗಳು, ಕೆಂಡದ ಕಿಡಿ ಎರಚಿದ ಹಾಗೆ. ಒಂದು ಮರಕುಟಿಗ. ಕಣ್ಣಿಗೆ ಬಿಳಿ ಕಟ್ಟು ಹಾಕಿಕೊಂಡ ಬೆಳ್ಗಣ್ಣಗಳು, ಎಷ್ಟೆಂದು ಹೇಳಲಾಗದಷ್ಟು. ಹುಳ ಹಿಡಿಯುವ ಅವಸರದಲ್ಲಿ ಅವು ಮಾಡುತ್ತಿದ್ದ ಸದ್ದು ತರಗೆಲೆ ಸರಿದಷ್ಟೇ ಸಣ್ಣದು. ಭೀಮರಾಜನ ಅಬ್ಬರದ ಕೆಳಗೆ ಪೆಟ್ಟಿಗೆಯ ಕಿವಿಗೆ ಅದು ಬೀಳುವ ಹಾಗೇ ಇರಲಿಲ್ಲ. ಅಣಕಿಸುವುದಲ್ಲ, ಕರೆಯುವುದು! ಪ್ರತಿಯೊಂದನ್ನೂ ಅದರದರ ಮಾತಿನಲ್ಲೇ ಕರೆದು, ಮೇಯಲು ಗುಂಪು ಕಟ್ಟಿ, ಮೇಲೆ ಕೂತು ಕಾವಲು ಕಾಯುತ್ತಿತ್ತು ಆ ಹಕ್ಕಿ. ಗುಂಪಿನ ಗಲಾಟೆಗೆ ಎದ್ದು ಹಾರಿದ ಹುಳದಲ್ಲಿ ತನ್ನ ಪಾಲು ತಿನ್ನುತ್ತಿತ್ತು. ಪುಸ್ತಕದಲ್ಲಿ ಎಂದೋ ಓದಿದ್ದು ಅವಳಿಗೆ ಈಗ ನೆನಪಾಯಿತು.

ಒಂದು ಚೇಕಡಿ ಹಕ್ಕಿ ಎದುರಿನ ಕಾಫಿ ರೆಂಬೆಗೆ ಬಂದು ಕೂತಿತು. ಕಾಲಲ್ಲಿ ಹಳದಿ ಉಂಗುರ.

ಅದರ ಪಕ್ಕದ್ದಕ್ಕೂ ಹಳದಿ ಉಂಗುರ.

“ನಂದು,” ಎಂದಳು ಯಶಸ್ವಿನಿ. “ಇವು ನನ್ನವು.”

ಅವಳು ತೊಟ್ಟಿ ಕಟ್ಟಿ ನೀರು ಕೊಟ್ಟವು. ಅವಳ ಗೂಡುಪೆಟ್ಟಿಗೆಯಲ್ಲಿ ಕಣ್ಣು ಬಿಟ್ಟವು. ಇರುಳೆಲ್ಲ ಮೌನವಾಗಿ ಅವಳ ತೋಟದಲ್ಲಿ ಮಲಗಿ, ಬೆಳಗಾಗುತ್ತಲೇ ಬೇಲಿ ಹಾರಿ ನಳಿನಿಯ ಅಂಗಳದಲ್ಲಿ ಆಡಲು ಬರುತ್ತಿದ್ದವು. ಎಳೇ ಸಸಿಗಳಲ್ಲಿ ಹುಳವೆಲ್ಲಿದೆ? ಹಳೇ ಮರಗಳ ತೊಗಟೆಯೊಳಗಿದೆ. ಗೊತ್ತಾಗುವಂಥದ್ದೇ. ಆದರೂ ಹೊಟ್ಟೆಕಿಚ್ಚು ತಡೆಯದೆ ಅವಳು ಕ್ಯಾಮೆರಾ ಕೆಳಗಿಟ್ಟು ಕಣ್ಣೊರೆಸಿಕೊಂಡಳು. ಅಂಕ ಹೋಗಲಿ; ಇಷ್ಟು ಸಾಕಿದ್ದಕ್ಕೆ ಒಂದು ಹಾಡನ್ನಾದರೂ ತನ್ನ ಬೇಲಿಯೊಳಗೆ ಹಾಡಬಾರದಿತ್ತೇ?

“ಅಳ್ತಿದೀಯೇನೇ?” ನಳಿನಿ ಕಡುಬಿನ ಡಬ್ಬಿ ಕೆಳಗಿಟ್ಟಳು.

ಅವಳನ್ನು ನೋಯಿಸಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಯಶಸ್ವಿನಿ ಎಲ್ಲ ಹೇಳಿಬಿಟ್ಟಳು. ಒಂದೇ ಹಕ್ಕಿ ನಲವತ್ತಾಗಿದ್ದು, ಯಂತ್ರ ಮೋಸಹೋಗಿದ್ದು, ನಲವತ್ತಾರು ಎಂಬ ಹೊಸ ಅಂಕ, ಶುಕ್ರವಾರ ಹೋಗಲಿರುವ ಮುದ್ರೆ. ಒಂದನ್ನೂ ಬಿಡಲಿಲ್ಲ.

ನಳಿನಿ ಡಬ್ಬಿಯ ಮುಚ್ಚಳ ತೆಗೆದು ಮತ್ತೆ ಹಾಕಿದಳು. ಅವಳ ದನಿ ಇಷ್ಟು ಮೆಲ್ಲಗಾದದ್ದನ್ನು ಯಶಸ್ವಿನಿ ಮದುವೆಯಾಗಿ ಬಂದಂದಿನಿಂದ ಕೇಳಿರಲಿಲ್ಲ.

“ಅಂದ್ರೆ, ಟೀವೀಲಿ ನಾ ಹೇಳಿದ್ದೆಲ್ಲ ಸುಳ್ಳಾ?”

“ಸುಳ್ಳು ಅಂತಲ್ಲ…”

“ಅಮ್ಮ ಇದ್ದಂಗೆ ಅಂದ್ಬಿಟ್ಟೆನಲ್ಲೇ. ಇಡೀ ರಾಜ್ಯ ನೋಡಿದೆ.” ಅವಳ ಮುಖ ಕೆಂಪೇರಿತು. “ಮುಂಡೇದು ಆ ಹಕ್ಕಿ, ನನ್ನ ಬೆಕ್ಕಿನ ದನೀನೂ ಕದ್ದಿದ್ಯಾ? ಬೆಕ್ಕನ್ನ ನಾದಿನಿ ಮನೆಗೆ ಕಳಿಸಿ ಎರಡು ವರ್ಷ ಆಯ್ತು.” ಆಮೇಲೆ ತಲೆಯೆತ್ತಿ ಮರಗಳನ್ನು ನೋಡಿದಳು. “ನಿಮ್ಮ ಭಾವ ಕಡಿಸ್ತಾರೆ ಕಣೆ. ನಾ ಹೇಳಿದ್ರೆ ಕೇಳಲ್ಲ. ಮುದ್ರೆ ಅಂದ್ರೆ ಮಾತ್ರ ಕೇಳ್ತಿದ್ರು.”

ಈ ಮುಖವನ್ನು ನೋಡಬೇಕೆಂದು ಯಶಸ್ವಿನಿ ಎರಡು ವರ್ಷ ಕಾದಿದ್ದಳು. ನೋಡಿದಳು. ಅದು ಚೆನ್ನಾಗಿರಲಿಲ್ಲ. ಮೇಲಾಗಿ ಒಂದು ಲೆಕ್ಕ ಅವಳ ತಲೆಯಲ್ಲಿ ತಾನಾಗಿ ನಡೆದುಹೋಗಿತ್ತು: ಈ ಮರಗಳು ಹೋದರೆ ಹಳದಿ ಉಂಗುರದವು ಎಲ್ಲಿ ಮೇಯಬೇಕು? ಅವಳ ಗೂಡುಪೆಟ್ಟಿಗೆಗಳು ಬರೀ ಪೆಟ್ಟಿಗೆಗಳಾಗುತ್ತವೆ.

*

ಪೂಣಚ್ಚನವರು ಚಿತ್ರಗಳನ್ನು ಒಂದೊಂದಾಗಿ ನೋಡಿದರು.

“ಆ ಹಕ್ಕಿ ಬಿಟ್ಟು ಬೇರೆ ಏನೂ ಇಲ್ಲ ಅಂದಿದ್ರಿ.”

“ಇದಾವೆ ಸಾರ್. ಆದ್ರೆ ಅವು ಅವಳ ತೋಟದವಲ್ಲ. ನನ್ನ ತೋಟದವೂ ಅಲ್ಲ.” ಅವಳು ಹಳದಿ ಉಂಗುರದ ಚಿತ್ರವನ್ನು ಮುಂದೆ ತಳ್ಳಿದಳು. “ನಾವು ಸರ್ವೆ ನಂಬರಿಗೆ ಒಂದು ಪೆಟ್ಟಿಗೆ ಕಟ್ಟಿದೀವಿ. ಅಣ್ಣತಮ್ಮಂದಿರು ಪಾಲಾದ ಹಾಗೆ ಹಕ್ಕಿಗಳನ್ನೂ ಪಾಲು ಮಾಡಿದೀವಿ. ಅವಕ್ಕೆ ನಮ್ಮ ಪಾಲುಪತ್ರ ಗೊತ್ತಿಲ್ಲ. ಒಂದು ಕಡೆ ಮಲಗ್ತವೆ, ಇನ್ನೊಂದು ಕಡೆ ಉಣ್ತವೆ. ಎರಡೂ ಪೆಟ್ಟಿಗೆಯನ್ನ ಒಂದೇ ತೋಟ ಅಂತ ಕೇಳಿಸಿದ್ರೆ…”

“ಕೇಳಿಸಿದ್ದೀರಾ?”

“ಹೂಂ. ಹೊಸ ಪಾಠದ ಪ್ರಕಾರಾನೇ. ಭೀಮರಾಜ ಒಂದೇ ಹಕ್ಕಿ. ಆದ್ರೂ ಅರವತ್ತೆಂಟು ಬಂತು.”

ಪೂಣಚ್ಚನವರು ಕಿಟಕಿಯಾಚೆ ನೋಡಿದರು. ಭೀಮರಾಜನಿಂದ ಅಂಕ ಕಳೆದುಕೊಳ್ಳುವ ಬೇರೆ ತೋಟಗಳೂ ಇದ್ದವು. ಅವರಿಗೂ ಅಕ್ಕಪಕ್ಕದವರ ಜೊತೆ ಸೇರಿಕೊಳ್ಳಲು ಅವಕಾಶ ಕೊಡಬೇಕು, ಒಪ್ಪದವರ ಮುದ್ರೆ ಹೋಗಬೇಕು, ಕೇಂದ್ರದ ತಪ್ಪನ್ನು ಊರಿಗೆ ಸಾರಬೇಕು. ಎಲ್ಲವನ್ನೂ ಅವರು ಒಂದು ನಿಟ್ಟುಸಿರಿನಲ್ಲಿ ಮುಗಿಸಿದರು.

“ಕೂಡು ತೋಟಕ್ಕೆ ನಿಯಮದಲ್ಲಿ ಜಾಗ ಇದೆ. ಆದ್ರೆ ಮುದ್ರೆ ಮೇಲೆ ಒಂದೇ ಹೆಸರು. ಇಬ್ಬರ ಒಪ್ಪಿಗೆಯೂ ಬೇಕು. ಯಾರ ಹೆಸರು?”

ಅವಳು ರಾತ್ರಿಯಿಡೀ ಹೊರಳಾಡಿದ್ದು ಇದಕ್ಕೇ. ಹಿರಿಯವಳು ನಳಿನಿ. ಹೆಸರು ಮಾಡಿದವಳೂ ನಳಿನಿ. ಇನ್ನು ಮೇಲೆ ತನ್ನ ಹಕ್ಕಿಗಳು, ತನ್ನ ತೊಟ್ಟಿ, ತನ್ನ ಸಸಿಗಳೆಲ್ಲ ‘ನಳಿನಿ ತೋಟ’ ಎಂದು ಹಡಗು ಹತ್ತಲಿವೆ. ಅದನ್ನು ತಡೆಯುವುದು ಸುಲಭವಿತ್ತು. ಕೂಡು ತೋಟದ ಮಾತೆತ್ತದೆ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಭೀಮರಾಜನ ನಿಜವೊಂದನ್ನೇ ಹೇಳಿ ಓರಗಿತ್ತಿಯನ್ನು ಕೆಡವಬಹುದಿತ್ತು. ಗರಗಸದವರು ಬರುತ್ತಿದ್ದರು, ಅಷ್ಟೆ.

ನಳಿನಿ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಒಪ್ಪಿಗೆಯ ಸಹಿ ಹಾಕಲು ಗಂಡನನ್ನು ಹೇಗೆ ಒಪ್ಪಿಸಿದಳೋ, ಅವನು ಹಾಕಿದ್ದ.

“ಅಕ್ಕ, ಹೆಸರು ಯಾರ್ದು ಹಾಕೋದು?” ಎಂದು ಯಶಸ್ವಿನಿ ಬಾಗಿಲಲ್ಲಿ ನಿಂತು ಕೇಳಿದಳು. ಜಗಳಕ್ಕೆ ಬೇಕಾದ ಮಾತನ್ನೆಲ್ಲ ನಾಲಿಗೆ ತುದಿಯಲ್ಲಿ ಇಟ್ಟುಕೊಂಡಿದ್ದಳು. ಸಸಿಗೆ ನೀರು ಹೊತ್ತಿದ್ದು ಯಾರು? ಋತು ಹೊಟ್ಟೆಯಲ್ಲಿದ್ದಾಗ, ಆ ಸುಡು ಬೇಸಿಗೆಯಲ್ಲಿ…

“ನಿಂದೇ ಹಾಕು.”

“ಏನು?”

“ನಿಂದೇ ಹಾಕು ಮಾರಾಯ್ತಿ, ನಂಗೇನು? ಮರ ನಿಂತ್ಕೊಂಡ್ರೆ ಸಾಕು. ಆದ್ರೆ ಟೀವಿಯೋರು ಬಂದ್ರೆ ಮಾತಾಡೋದು ಮಾತ್ರ ನಾನೇ. ನೀನು ಕ್ಯಾಮೆರಾ ಮುಂದೆ ಹರಳೆಣ್ಣೆ ಕುಡ್ದೋರ ಥರ ಮಾಡ್ತೀಯ.”

ಯಶಸ್ವಿನಿ ಒಳಗೆ ಬಂದು ಕಂಪ್ಯೂಟರಿನ ಮುಂದೆ ಕೂತಳು. ಹೆಸರಿನ ಜಾಗ ಖಾಲಿಯಿತ್ತು. ದೊಡ್ಡ ಮನಸ್ಸು ಮಾಡಿ ನಳಿನಿಯ ಹೆಸರನ್ನೇ ಬರೆದರೆ? ಬೆರಳು ಅತ್ತ ಹೋಗಲಿಲ್ಲ. ನೀರು ಹೊತ್ತವಳು ತಾನು. ‘ಯಶಸ್ವಿನಿ’ ಎಂದು ಒತ್ತಿದಳು. ಹೆಸರು ಹಸಿರು ಬಣ್ಣದಲ್ಲಿ ಮೂಡಿತು. ಎಷ್ಟು ನೋಡಿದರೂ ಅದು ತಾನು ಗೆದ್ದ ಹೆಸರಿನ ಹಾಗೆ ಕಾಣಲಿಲ್ಲ. ಯಾರೋ ತಮ್ಮ ತಟ್ಟೆಯಿಂದ ಎತ್ತಿ ಬಡಿಸಿದ ಹಾಗಿತ್ತು. ಇಷ್ಟು ಹಗುರವಾಗಿ ಕೊಟ್ಟುಬಿಡಲು ಆ ಹೆಂಗಸಿಗೆ ಯಾರು ಕಲಿಸಿದರು?

ಹೊರಗಿನಿಂದ ನಗು ಕೇಳಿಸಿತು. ನಳಿನಿಯದು, ಪರಿಚಿತ ನಗು. ಅದರ ಜೊತೆ ಇನ್ನೊಂದು, ಗಡಸು, ತುಕ್ಕು ಹಿಡಿದ ಬಾಗಿಲು ತೆರೆದಂತೆ. ಯಶಸ್ವಿನಿ ಎದ್ದು ಇಣುಕಿದಳು. ಯಾವಾಗಲೋ ಹೊರಗೆ ಹೋಗಿದ್ದ ಪೂಣಚ್ಚನವರು ಬೆಂಚಿನ ಮೇಲೆ ಕೂತು ಕೈಯಲ್ಲಿ ಕಡುಬು ಹಿಡಿದು, ಹೊಟ್ಟೆ ಕುಲುಕಿಸಿ ನಗುತ್ತಿದ್ದರು. ಎಂಟು ವರ್ಷ ಜೊತೆಗೆ ದುಡಿದರೂ ಅವರಿಗೆ ನಗಲು ಬರುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ.

‘ಇವರನ್ನೂ ಗೆದ್ದುಬಿಟ್ಟಳು!’ ಎಂದುಕೊಂಡಳು ಯಶಸ್ವಿನಿ.

ಹೋಗಿ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತು, ಕೇಳದೆಯೇ ಡಬ್ಬಿಗೆ ಕೈ ಹಾಕಿ, ಉಳಿದಿದ್ದರಲ್ಲಿ ದೊಡ್ಡ ಕಡುಬನ್ನೇ ತೆಗೆದುಕೊಂಡಳು.